ನಡೆಬಾವಿ ಮತ್ತು ನಾರುಹುಣ್ಣು: ಕಾಗಿಣಾ ಸೀಮೆಯ ಆರೋಗ್ಯೇತಿಹಾಸದ ಒಂದು ಅಧ್ಯಾಯ

೧. ಪೀಠಿಕೆ

ಕರ್ನಾಟಕದ ಇತಿಹಾಸವನ್ನು ಅಭ್ಯಸಿಸುವವರಿಗೆ ಕಾಗಿಣಾ ನದಿಯ ದಡ ಅಪರಿಚಿತವಾದುದಲ್ಲ. ಚಿಂಚೋಳಿ, ಸೇಡಂ, ಚಿತ್ತಾಪುರಗಳ ಸೀಮೆಯನ್ನು ಹಾದು ಭೀಮೆಯನ್ನು ಕೂಡುವ ಈ ನದಿಯ ತೀರದಲ್ಲಿಯೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ, ಎಂದರೆ ಇಂದಿನ ಮಳಖೇಡ, ಮೆರೆದಿತು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ೧೯೮೬ರಲ್ಲಿ ಅಶೋಕನ ಶಾಸನಗಳು ದೊರೆತ ಮೇಲೆ ಈ ಪ್ರದೇಶದ ಪ್ರಾಚೀನತೆಯು ಮತ್ತಷ್ಟು ಹಿಂದಕ್ಕೆ ಸರಿಯಿತು. ಅಲ್ಲಿ ದೊರೆತವು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು. ಅದೇ ಅರಸನ ಎರಡನೆಯ ಶಿಲಾಶಾಸನವು ಸನ್ನತಿಯ ಕಲ್ಲಿನ ಮೇಲೆ ಇಲ್ಲ. ಆದರೆ ನಮ್ಮ ವಿಷಯಕ್ಕೆ ಅದೇ ಹೆಚ್ಚು ಹತ್ತಿರವಾದುದು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧಿ ಮೂಲಿಕೆಗಳನ್ನು ನೆಡಿಸುವುದು, ದಾರಿಗಳಲ್ಲಿ ಬಾವಿಗಳನ್ನು ತೋಡಿಸುವುದು, ಈ ಮೂರನ್ನೂ ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ವೈದ್ಯವೂ ಬಾವಿಯೂ ಒಂದೇ ರಾಜಧರ್ಮದ ಎರಡು ಮುಖಗಳೆಂಬ ತಿಳಿವಳಿಕೆ ನಮ್ಮಲ್ಲಿ ಎಷ್ಟು ಹಳೆಯದೆಂಬುದು ಇದರಿಂದ ವಿದಿತವಾಗುತ್ತದೆ.

ಆದರೆ ನಮ್ಮ ಇತಿಹಾಸಕಾರರು ಬಾವಿಯನ್ನು ತೋಡಿಸಿದವನ ಹೆಸರನ್ನು ಓದಿದರೇ ಹೊರತು ಆ ಬಾವಿಯ ನೀರನ್ನು ಕುಡಿದವರ ಗತಿ ಏನಾಯಿತೆಂಬುದನ್ನು ವಿಚಾರಿಸಿದ್ದು ವಿರಳ. ಕೆರೆಬಾವಿಗಳನ್ನು ಕಟ್ಟಿಸುವುದು ಪುಣ್ಯಕಾರ್ಯವೆಂದು ಶಾಸನಗಳು ಸಾರಿದುವು. ನಾವು ಅದನ್ನು ಒಪ್ಪಿ ಮುಂದೆ ನಡೆದೆವು. ಅದೇ ಪುಣ್ಯದ ಬಾವಿಯೊಳಗಿನಿಂದ ಒಂದು ರೋಗವು ತಲೆಮಾರಿನಿಂದ ತಲೆಮಾರಿಗೆ ಹರಿದು ಬಂದಿತು. ಅದನ್ನು ನಮ್ಮ ಹಿರಿಯರು ನಾರುಹುಣ್ಣು ಎಂದು ಕರೆದರು. ಈ ರೋಗವು ಹೇಗೆ ಹಬ್ಬಿತ್ತು, ಅದನ್ನು ತಡೆಯುವ ಉಪಾಯ ತಿಳಿದ ಮೇಲೂ ಅದು ಏಕೆ ಅಷ್ಟು ಕಾಲ ಉಳಿಯಿತು, ಕೊನೆಗೆ ಯಾವ ಕ್ರಮದಿಂದ ಅಳಿಯಿತು ಎಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ರೋಗದ ಸ್ವರೂಪ ಮತ್ತು ಬಾವಿಯ ರಚನೆ

ನಾರುಹುಣ್ಣಿಗೆ ಕಾರಣವಾದುದು ದಾರದಂತಿರುವ ಒಂದು ಹುಳು. ಹೆಣ್ಣು ಹುಳುವು ಅರವತ್ತರಿಂದ ನೂರು ಸೆಂಟಿಮೀಟರುಗಳಷ್ಟು ಉದ್ದ ಬೆಳೆಯಬಲ್ಲುದು. ಹುಳುವಿನ ಮರಿಗಳನ್ನು ಸೈಕ್ಲೋಪ್ಸ್ ಎಂಬ, ಬರಿಗಣ್ಣಿಗೆ ಚುಕ್ಕೆಯಂತೆ ಮಾತ್ರ ಕಾಣುವ ಜಲಕೀಟವು ನುಂಗುತ್ತದೆ. ಆ ಕೀಟವಿರುವ ನೀರನ್ನು ಮನುಷ್ಯನು ಕುಡಿಯುತ್ತಾನೆ. ಜಠರದಲ್ಲಿ ಕೀಟವು ಸತ್ತು ಮರಿಹುಳು ಬಿಡುಗಡೆಯಾಗಿ ದೇಹವನ್ನು ಸೇರುತ್ತದೆ. ಸುಮಾರು ಒಂದು ವರ್ಷದವರೆಗೆ ಯಾವ ಲಕ್ಷಣವೂ ತೋರುವುದಿಲ್ಲ. ಬಳಿಕ ಬಹುಮಟ್ಟಿಗೆ ಕಾಲಿನಲ್ಲಿ ಉರಿಯುವ ಬೊಕ್ಕೆಯೊಂದು ಎದ್ದು, ಒಡೆದು, ಹುಳುವಿನ ತುದಿ ಹೊರಗೆ ಕಾಣಿಸುತ್ತದೆ. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ತಣ್ಣೀರಿನಲ್ಲಿ ಇಡುತ್ತಾನೆ. ಆ ಕ್ಷಣದಲ್ಲಿಯೇ ಹುಳುವು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಹೀಗೆ ಚಕ್ರವು ಮತ್ತೆ ಮೊದಲಾಗುತ್ತದೆ.

ಸೈಕ್ಲೋಪ್ಸ್ ಕೀಟವೇ ಈ ಹುಳುವಿನ ವಾಹಕವೆಂಬುದನ್ನು ರಷ್ಯದ ಅಲೆಕ್ಸೆಯ್ ಫೆಡ್ಚೆಂಕೊ ಎಂಬ ವಿದ್ವಾಂಸನು ತುರ್ಕಿಸ್ತಾನದಲ್ಲಿ ೧೮೭೦ರ ಸುಮಾರಿಗೆ ಕಂಡುಕೊಂಡನು. ಈ ರೋಗಕ್ಕೆ ಲಸಿಕೆಯಿಲ್ಲ; ಹುಳುವನ್ನು ಕೊಲ್ಲುವ ಸಿದ್ಧೌಷಧವಿಲ್ಲ; ಒಮ್ಮೆ ಬಂದು ಹೋದವನಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ವಾರಗಟ್ಟಲೆ ಹೊರಗೆಳೆಯುವುದೇ ಪ್ರಾಚೀನ ಕಾಲದಿಂದ ಬಂದ ಚಿಕಿತ್ಸೆ. ಹುಳು ಅರ್ಧದಲ್ಲಿ ಹರಿದರೆ ಕೀವು, ಬಾವು, ಕೆಲವೊಮ್ಮೆ ಶಾಶ್ವತವಾದ ಕುಂಟು. ರೋಗದಿಂದ ಮರಣ ವಿರಳ; ಆದರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದು ಸಾಮಾನ್ಯ. ಬೇಸಗೆಯಲ್ಲಿ ಬಾವಿಯ ನೀರು ತಳಕ್ಕಿಳಿದಾಗ ಸೋಂಕು ಹೆಚ್ಚಾಗಿ ತಗಲುತ್ತಿತ್ತು. ವರ್ಷ ತುಂಬಿ ಹುಳು ಹೊರಬೀಳುತ್ತಿದ್ದುದೂ ಮರುವರ್ಷದ ಬೇಸಗೆಯ ಕೊನೆ ಮತ್ತು ಮುಂಗಾರಿನ ಆರಂಭದಲ್ಲಿಯೇ. ಭೂಮಿಯನ್ನು ಹದಮಾಡಿ ತೊಗರಿ ಜೋಳಗಳನ್ನು ಬಿತ್ತಬೇಕಾದ ಕಾಲದಲ್ಲಿ ಮನೆಯ ದುಡಿಯುವ ಆಳು ಕಾಲು ಚಾಚಿ ಮಲಗಿದರೆ ಆ ಕುಟುಂಬದ ವರ್ಷದ ಅನ್ನವೇ ಹೋದಂತೆ.

ಇನ್ನು ಬಾವಿಯ ರಚನೆಯನ್ನು ನೋಡೋಣ. ನಮ್ಮ ನಾಡಿನಲ್ಲಿ ಬಾವಿಗಳು ಎರಡು ಬಗೆ. ಹಗ್ಗ ಕೊಡಗಳಿಂದ ನೀರನ್ನು ಮೇಲಕ್ಕೆ ಎತ್ತುವ ಸೇದುಬಾವಿ ಒಂದು. ಮೆಟ್ಟಿಲಿಳಿದು ನೀರನ್ನು ಮುಟ್ಟುವ ನಡೆಬಾವಿ ಮತ್ತೊಂದು. ಸೇದುಬಾವಿಯಲ್ಲಿ ಮನುಷ್ಯನ ಕಾಲು ನೀರಿಗೆ ತಾಕದು. ಕಟ್ಟೆಯಿದ್ದರೆ ಹೊರಗೆ ಚೆಲ್ಲಿದ ನೀರು ಒಳಕ್ಕೆ ಮರಳದು. ನಡೆಬಾವಿಯಲ್ಲಿ ಕೊಡವನ್ನು ಮುಳುಗಿಸುವವಳು ಪಾದ ಮುಳುಗುವಷ್ಟಾದರೂ ಇಳಿಯಲೇಬೇಕು. ನಾರುಹುಣ್ಣಿನ ಹುಳುವಿಗೆ ಬೇಕಾದುದು ಇಷ್ಟೇ. ಆದುದರಿಂದ ರೋಗದ ಭೂಪಟವೆಂದರೆ ನಡೆಬಾವಿ ಮತ್ತು ಕುಂಟೆಗಳ ಭೂಪಟವೇ ಎಂದರೆ ತಪ್ಪಾಗಲಾರದು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ, ಬಳ್ಳಾರಿ ಮೊದಲಾದ ಒಣಸೀಮೆಯ ಜಿಲ್ಲೆಗಳೇ ಈ ರೋಗದ ನೆಲೆಗಳಾಗಿದ್ದುದು ಆಕಸ್ಮಿಕವಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. ಊರ ಬಾವಿಯ ಮೆಟ್ಟಿಲು ಎಲ್ಲರ ಪಾದಕ್ಕೂ ತೆರೆದಿರಲಿಲ್ಲ. ಅಸ್ಪೃಶ್ಯರೆನಿಸಿದ ಕೇರಿಯ ಜನರು ಹಳ್ಳದ ಮಡುವನ್ನೋ ದನ ಕುಡಿಯುವ ಕುಂಟೆಯನ್ನೋ ಅವಲಂಬಿಸಬೇಕಾಗುತ್ತಿತ್ತು. ಹೊಳೆಯ ಮರಳಿನಲ್ಲಿ ತೋಡಿದ ಒರತೆಯ ನೀರು ಮರಳಿನಿಂದಲೇ ಸೋಸಲ್ಪಟ್ಟು ನಿರಪಾಯವಾಗಿರುತ್ತಿತ್ತು. ಆದರೆ ಕುಂಟೆಯ ನಿಂತ ನೀರಿಗೆ ಆ ಗುಣವಿಲ್ಲ. ಯಾರು ಯಾವ ನೀರನ್ನು ಕುಡಿಯಬೇಕೆಂಬುದನ್ನು ಸಮಾಜವು ನಿರ್ಧರಿಸುತ್ತಿತ್ತು. ಯಾರಿಗೆ ಯಾವ ರೋಗವೆಂಬುದನ್ನು ಆ ನೀರು ನಿರ್ಧರಿಸುತ್ತಿತ್ತು.

೩. ಅಮೆರಿಕದ ಮಾದರಿ ಮತ್ತು ಮೈಸೂರಿನ ಪ್ರಯೋಗ

ರೋಗವು ಬಂದ ಮೇಲೆ ಮದ್ದು ಕೊಡುವುದಕ್ಕಿಂತ ಬಾರದಂತೆ ತಡೆಯುವುದು ರಾಜ್ಯದ ಕರ್ತವ್ಯವೆಂಬ ಭಾವನೆ ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪು ಅಮೆರಿಕಗಳಲ್ಲಿ ಬೇರೂರಿತು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಲೆಮುಯೆಲ್ ಶ್ಯಾಟಕ್ ಎಂಬಾತನು ೧೮೫೦ರಲ್ಲಿ ನೈರ್ಮಲ್ಯವನ್ನು ಕುರಿತ ಪ್ರಸಿದ್ಧ ವರದಿಯನ್ನು ಸಿದ್ಧಪಡಿಸಿದನು. ಆತನು ವೈದ್ಯನಲ್ಲ, ಜನನಮರಣಗಳ ಲೆಕ್ಕವನ್ನು ಶ್ರದ್ಧೆಯಿಂದ ಕೂಡಿಹಾಕಿದವನು. ವರದಿಯು ಕೆಲಕಾಲ ಮೂಲೆಯಲ್ಲಿ ಬಿದ್ದಿದ್ದು, ೧೮೬೯ರಲ್ಲಿ ಆ ಸಂಸ್ಥಾನದಲ್ಲಿ ಆರೋಗ್ಯ ಮಂಡಲಿಯು ಸ್ಥಾಪಿತವಾದಾಗ ಫಲಕೊಟ್ಟಿತು. ೧೯೦೮ರಲ್ಲಿ ಜರ್ಸಿ ಸಿಟಿ ನಗರವು ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವುದನ್ನು ನಿತ್ಯಕ್ರಮವನ್ನಾಗಿ ಮಾಡಿತು.

ನಗರಗಳಿಗೆ ಇಷ್ಟಾಯಿತು; ಹಳ್ಳಿಗಳಿಗೆ? ಅಮೆರಿಕದ ದಕ್ಷಿಣ ಸಂಸ್ಥಾನಗಳ ಹಳ್ಳಿಗರು ಕೊಕ್ಕೆಹುಳುವಿನ ರೋಗದಿಂದ ರಕ್ತಹೀನರಾಗಿ, ಸೋಮಾರಿಗಳೆಂಬ ಅಪಕೀರ್ತಿಯನ್ನು ಹೊತ್ತಿದ್ದರು. ಅವರದು ಸೋಮಾರಿತನವಲ್ಲ, ರೋಗವೆಂಬುದನ್ನು ಚಾರ್ಲ್ಸ್ ಸ್ಟೈಲ್ಸ್ ಎಂಬ ಪ್ರಾಣಿಶಾಸ್ತ್ರಜ್ಞನು ಪ್ರತಿಪಾದಿಸಿದನು. ೧೯೦೯ರಲ್ಲಿ ರಾಕೆಫೆಲರನು ನೀಡಿದ ಹತ್ತು ಲಕ್ಷ ಡಾಲರುಗಳ ದತ್ತಿಯಿಂದ ನೈರ್ಮಲ್ಯ ಆಯೋಗವೊಂದು ಏರ್ಪಟ್ಟು, ವಿಕ್ಲಿಫ್ ರೋಸ್ ಎಂಬಾತನ ನಿರ್ದೇಶನದಲ್ಲಿ ಹನ್ನೊಂದು ಸಂಸ್ಥಾನಗಳಲ್ಲಿ ಕೆಲಸ ಮಾಡಿತು. ಮೊದಲು ರೋಗದ ಸಮೀಕ್ಷೆ, ಆಮೇಲೆ ಚಿಕಿತ್ಸೆ, ಕೊನೆಗೆ ಪಾಯಿಖಾನೆಗಳ ನಿರ್ಮಾಣ ಮತ್ತು ಜನಶಿಕ್ಷಣ, ಇದು ಅದರ ಕ್ರಮ. ಸ್ಥಳೀಯ ಆಡಳಿತಗಳೂ ವೆಚ್ಚದಲ್ಲಿ ಪಾಲುಗೊಳ್ಳುವಂತೆ ಮಾಡಿದುದು ಅದರ ವೈಶಿಷ್ಟ್ಯ. ಐದು ವರ್ಷಗಳ ಬಳಿಕ ಆಯೋಗವು ಮುಗಿಯಿತು, ಕೊಕ್ಕೆಹುಳು ಮುಗಿಯಲಿಲ್ಲ. ಮದ್ದು ಕುಡಿದ ಮಗುವು ಬರಿಗಾಲಿನಲ್ಲಿ ಅದೇ ಮಣ್ಣಿಗೆ ಮರಳಿದರೆ ರೋಗವೂ ಮರಳುತ್ತದೆ. ಆದರೂ ಜಿಲ್ಲೆಗೊಂದು ಕಾಯಂ ಆರೋಗ್ಯ ಘಟಕವಿರಬೇಕೆಂಬ ಪಾಠವು ಆ ಕೆಲಸದಿಂದ ಉಳಿಯಿತು.

ಈ ಪಾಠವು ಕನ್ನಡನಾಡಿಗೂ ಬಂದಿತು. ೧೯೨೦ರ ದಶಕದ ಕೊನೆಯ ವರ್ಷಗಳಲ್ಲಿ ಮೈಸೂರು ಸಂಸ್ಥಾನವು ರಾಕೆಫೆಲರ್ ಪ್ರತಿಷ್ಠಾನದ ನೆರವನ್ನು ಪಡೆಯಿತು. ಪ್ರತಿಷ್ಠಾನದ ಪ್ರತಿನಿಧಿಯಾಗಿ ಡಾ. ಡಬ್ಲ್ಯು. ಸಿ. ಸ್ವೀಟ್ ಎಂಬವರು ಮೈಸೂರು ಸರ್ಕಾರಕ್ಕೆ ಸಲಹೆಗಾರರಾದರು. ವೈದ್ಯ ಇಲಾಖೆಯಿಂದ ಬೇರೆಯಾಗಿ ಆರೋಗ್ಯ ಶಾಖೆಯು ರೂಪುಗೊಂಡಿತು. ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವು ಆರಂಭವಾಯಿತು; ಮಲೇರಿಯದ ಅಧ್ಯಯನಕ್ಕಾಗಿ ಮೂಡಿಗೆರೆ, ನಾಗೇನಹಳ್ಳಿ ಮೊದಲಾದ ಕಡೆ ಕೇಂದ್ರಗಳು ಏರ್ಪಟ್ಟುವು.

ನಮ್ಮ ಪ್ರಸ್ತುತಕ್ಕೆ ಅತ್ಯಂತ ಮುಖ್ಯವಾದುದು ಚಿತ್ರದುರ್ಗ ಜಿಲ್ಲೆಯಲ್ಲಿ ನಡೆದ ಕೆಲಸ. ಮೈಸೂರು ಆರೋಗ್ಯ ಶಾಖೆಯ ವಿ. ಎನ್. ಮೂರ್ತಿಯವರು ಆ ಜಿಲ್ಲೆಯ ನಾರುಹುಣ್ಣನ್ನು ಕುರಿತ ತಮ್ಮ ಅಧ್ಯಯನವನ್ನು ೧೯೩೨ರಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೩೬ರಲ್ಲಿ ಮೂರ್ತಿ ಮತ್ತು ಸ್ವೀಟ್ ಇಬ್ಬರೂ ಕೂಡಿ ರೋಗವನ್ನು ತಡೆಯುವ ಜೈವಿಕ ಉಪಾಯವೊಂದನ್ನು ಸೂಚಿಸಿದರು: ನಡೆಬಾವಿಗಳಲ್ಲಿ ಸೈಕ್ಲೋಪ್ಸ್ ಕೀಟವನ್ನು ತಿನ್ನುವ ಸಣ್ಣ ಮೀನುಗಳನ್ನು ಬಿಡುವುದು. ಬಾವಿಯನ್ನು ಕೆಡಹಬೇಕಾಗಿಲ್ಲ, ವಿಷವನ್ನು ಬೆರೆಸಬೇಕಾಗಿಲ್ಲ. ಊರಿನವರೇ ನೋಡಿಕೊಳ್ಳಬಹುದಾದ ಉಪಾಯವಿದು. ನಾಯಿಗಳಿಗೂ ಈ ಹುಳುವಿನ ಸೋಂಕು ತಗಲಬಲ್ಲುದೆಂಬುದನ್ನು ಅವರು ಪ್ರಯೋಗದಿಂದ ತೋರಿಸಿದರು. ಆಫ್ರಿಕದ ಚಾಡ್ ದೇಶದಲ್ಲಿ ೨೦೧೨ರಿಂದೀಚೆಗೆ ನಾಯಿಗಳಲ್ಲಿಯೇ ಈ ಹುಳುವು ಉಳಿದುಕೊಂಡು ಜಗತ್ತಿನ ನಿರ್ಮೂಲನ ಕಾರ್ಯವನ್ನು ತಡೆದಿರುವುದನ್ನು ನೋಡಿದರೆ ಚಿತ್ರದುರ್ಗದ ಆ ಪ್ರಯೋಗದ ಬೆಲೆ ತಿಳಿಯುತ್ತದೆ.

ಅಂತೂ ೧೯೩೬ರ ವೇಳೆಗೆ ರೋಗದ ಕಾರಣವೂ ತಡೆಯುವ ಮಾರ್ಗವೂ ಕನ್ನಡನಾಡಿನ ನೆಲದ ಮೇಲೆಯೇ ಸ್ಪಷ್ಟವಾಗಿದ್ದುವು. ಅದಕ್ಕೂ ಮೊದಲೇ ಸೋವಿಯತ್ ಅಧಿಕಾರಿಗಳು ಲಿಯೊನಿಡ್ ಇಸಾಯೆವ್ ಎಂಬ ವೈದ್ಯನ ಮುಂದಾಳುತನದಲ್ಲಿ ಬುಖಾರಾ ನಗರದ ಕೊಳಗಳನ್ನು ಶುದ್ಧಿಗೊಳಿಸಿ, ೧೯೩೦ರ ದಶಕದ ಆರಂಭದಲ್ಲಿ ಆ ನಗರವನ್ನು ಈ ರೋಗದಿಂದ ಬಿಡಿಸಿದ್ದರು. ಹಾಗಾದರೆ ಕಾಗಿಣೆಯ ದಡದ ಹಳ್ಳಿಗೆ ಈ ಅರಿವು ತಲುಪಲು ಇನ್ನೂ ಐವತ್ತು ವರ್ಷಗಳು ಏಕೆ ಬೇಕಾದುವು?

೪. ನಿಜಾಮನ ಆಳಿಕೆಯ ಕಾಲ

ಈ ಪ್ರಶ್ನೆಗೆ ಉತ್ತರವನ್ನು ಮೊದಲು ರಾಜಕೀಯ ಭೂಗೋಲದಲ್ಲಿ ಹುಡುಕಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದಗಳು ೧೯೪೮ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಆ ಸಂಸ್ಥಾನವು ವೈದ್ಯ ವಿಷಯದಲ್ಲಿ ಹಿಂದುಳಿದಿತ್ತೆಂದು ಹೇಳುವುದು ನ್ಯಾಯವಲ್ಲ. ಹೈದರಾಬಾದಿನಲ್ಲಿ ೧೮೪೬ರಲ್ಲಿಯೇ ವೈದ್ಯಶಾಲೆಯು ಸ್ಥಾಪಿತವಾಯಿತು. ಕ್ಲೋರೊಫಾರ್ಮಿನ ಬಗ್ಗೆ ೧೮೮೮-೮೯ರಲ್ಲಿ ಅಲ್ಲಿ ನಡೆದ ಪ್ರಯೋಗಗಳು ಜಗತ್ತಿನ ಗಮನ ಸೆಳೆದುವು. ಸೊಳ್ಳೆಯ ಜಠರದಲ್ಲಿ ಮಲೇರಿಯದ ಅಣುಜೀವಿಯನ್ನು ರೊನಾಲ್ಡ್ ರಾಸ್ ೧೮೯೭ರ ಆಗಸ್ಟ್ ೨೦ರಂದು ಕಂಡುದು ಸಿಕಂದರಾಬಾದಿನ ಬೇಗಂಪೇಟೆಯಲ್ಲಿ. ಮೂಸಿ ನದಿಯ ೧೯೦೮ರ ಮಹಾಪ್ರವಾಹದ ಬಳಿಕ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ನಿರ್ಮಾಣವಾಗಿ ರಾಜಧಾನಿಗೆ ಕುಡಿಯುವ ನೀರು ಒದಗಿತು.

ಆದರೆ ಇವೆಲ್ಲವೂ ರಾಜಧಾನಿಯ ಕೆಲಸಗಳು. ಸಂಸ್ಥಾನದ ಭೂಮಿಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಜಾಗೀರುಗಳ ಮತ್ತು ನಿಜಾಮನ ಸ್ವಂತ ಸರ್ಫೆಖಾಸ್ ಭೂಮಿಯ ರೂಪದಲ್ಲಿ ದಿವಾನಿ ಆಡಳಿತದಿಂದ ಹೊರಗಿತ್ತು. ಗುಲಬರ್ಗಾ ಜಿಲ್ಲೆಯಲ್ಲಿಯೂ ಜಾಗೀರು ಮತ್ತು ಪಾಯಗಾಗಳು ಹೇರಳವಾಗಿದ್ದುವು. ಕಂದಾಯವನ್ನು ಎತ್ತುವ ಕೈಗಳು ಹಲವಾಗಿದ್ದರೂ ಬಾವಿಯನ್ನು ನೋಡುವ ಕಣ್ಣು ಯಾರದೆಂಬುದು ನಿಶ್ಚಿತವಾಗಿರಲಿಲ್ಲ. ಆಡಳಿತದ ಭಾಷೆ ಉರ್ದು; ಬಾವಿಗೆ ಹೋಗುವವಳ ಭಾಷೆ ಕನ್ನಡ, ಗಡಿಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ರೋಗವನ್ನು ತಡೆಯುವುದೆಂದರೆ ಜನರ ನಡತೆಯನ್ನು ಬದಲಿಸುವುದು. ಜನರ ಭಾಷೆಯಲ್ಲಿ ಮಾತನಾಡದ ಸರ್ಕಾರಕ್ಕೆ ಇದು ಸಾಧ್ಯವಾಗುವ ಕಾರ್ಯವಲ್ಲ.

ಇನ್ನೂ ಆಳವಾದ ಕಾರಣವೊಂದಿದೆ. ಮುಂಬಯಿಯಿಂದ ಬಂದ ರೈಲುಮಾರ್ಗವು ವಾಡಿ, ಶಹಾಬಾದಗಳ ಮೇಲೆ ಹಾದು ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. ೧೮೭೪ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ನಿಜಾಮನ ರೈಲು ಓಡತೊಡಗಿತು. ಶಹಾಬಾದಿನ ಕಲ್ಲು ಈ ದಾರಿಯಲ್ಲಿಯೇ ದೂರದ ಊರುಗಳ ಅಂಗಳವನ್ನು ಮುಟ್ಟಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ರೋಗವೂ ರೈಲಿನಲ್ಲಿ ಪ್ರಯಾಣ ಮಾಡಬಲ್ಲುದೆಂಬುದು ಎಲ್ಲರಿಗೂ ಮನದಟ್ಟಾಯಿತು. ೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನು ಬಂದಿತು. ದೇಶದ ರೈಲುಮಾರ್ಗಗಳಲ್ಲಿ ಪ್ರಯಾಣಿಕರ ತಪಾಸಣೆ ನಡೆಯಿತು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಮಲ್ಲೇಶ್ವರ, ಬಸವನಗುಡಿಗಳಂಥ ಹೊಸ ಬಡಾವಣೆಗಳ ಬೆಳವಣಿಗೆಗೆ ವೇಗ ದೊರೆಯಿತು. ಹಳ್ಳಿಗರು ಸರ್ಕಾರದ ಅಪ್ಪಣೆಗೆ ಕಾಯದೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು. ಇಲಿ ಮತ್ತು ಅದರ ಚಿಗಟಗಳೇ ಪ್ಲೇಗಿನ ವಾಹಕವೆಂಬುದು ಸ್ಥಿರಪಟ್ಟ ಮೇಲೆ ಆ ಹಳ್ಳಿಗರ ಉಪಾಯವೇ ಸರಿಯೆಂಬುದು ಸಿದ್ಧವಾಯಿತು.

ಪ್ಲೇಗಿಗೆ ದೊರೆತ ಈ ಗಮನದಲ್ಲಿ ನೂರನೆಯ ಒಂದು ಪಾಲೂ ನಾರುಹುಣ್ಣಿಗೆ ದೊರೆಯಲಿಲ್ಲ. ಪ್ಲೇಗು ಚಲಿಸುತ್ತದೆ, ಬಂದರು ಪೇಟೆಗಳನ್ನು ಮುಚ್ಚಿಸುತ್ತದೆ, ಬಡವನೊಡನೆ ಧನಿಕನನ್ನೂ ಕೊಲ್ಲುತ್ತದೆ. ನಾರುಹುಣ್ಣು ಒಂದು ಊರಿನ ಒಂದು ಬಾವಿಯನ್ನು ಬಿಟ್ಟು ಕದಲುವುದಿಲ್ಲ, ಕೊಲ್ಲುವುದಿಲ್ಲ, ರಾಜಧಾನಿಯ ನಲ್ಲಿಯಲ್ಲಿ ಬರುವುದಿಲ್ಲ. ವಾಡಿಯ ನಿಲ್ದಾಣದಲ್ಲಿ ನಿಂತವನಿಗೆ ಅದು ಕಾಣದು. ನಿಲ್ದಾಣದಿಂದ ನಾಲ್ಕು ಹರದಾರಿ ಒಳಗೆ ನಡೆದವನಿಗೆ ಮಾತ್ರ ಕಂಡೀತು. ೧೯೩೦ ಮತ್ತು ೪೦ರ ದಶಕಗಳಲ್ಲಿ ಕ್ನೂಟ್ ಲಿಂಡ್‌ಬರ್ಗ್ ಎಂಬ ವೈದ್ಯನು ಹಾಗೆ ನಡೆದು ದಖ್ಖನಿನ ಬಾವಿಗಳ ಸೈಕ್ಲೋಪ್ಸ್ ಕೀಟಗಳನ್ನೂ ನಾರುಹುಣ್ಣನ್ನೂ ಅಭ್ಯಸಿಸಿದನು. ಆತನ ಲೇಖನಗಳು ಫ್ರೆಂಚ್ ಭಾಷೆಯ ವೈದ್ಯಪತ್ರಿಕೆಯಲ್ಲಿ ಅಚ್ಚಾದುವು. ದಖ್ಖನಿನ ಹಳ್ಳಿಯ ಸಂಕಟವನ್ನು ಪ್ಯಾರಿಸಿನ ವಿದ್ವಾಂಸರು ಓದಬಹುದಾಗಿತ್ತು, ದಖ್ಖನಿನವರು ಓದುವಂತಿರಲಿಲ್ಲ.

೫. ಸ್ವಾತಂತ್ರ್ಯಾನಂತರದ ಮೂರು ದಶಕಗಳು

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಡನೆ ಕೂಡಿತು. ಮರುವರ್ಷ ಜಾಗೀರುಗಳು ರದ್ದಾದುವು. ೧೯೫೬ರ ನವೆಂಬರ್ ೧ರಂದು ಗುಲಬರ್ಗಾ ಜಿಲ್ಲೆಯು ವಿಶಾಲ ಮೈಸೂರಿಗೆ ಸೇರಿತು. ಭೋರ್ ಸಮಿತಿಯು ೧೯೪೬ರಲ್ಲಿ ಚಿಕಿತ್ಸೆ ಮತ್ತು ರೋಗನಿರೋಧಗಳನ್ನು ಒಂದೇ ಸೂರಿನಡಿ ತರುವ ಪ್ರಾಥಮಿಕ ಆರೋಗ್ಯ ಘಟಕಗಳನ್ನು ಸಲಹೆ ಮಾಡಿತ್ತು. ೧೯೫೨ರಿಂದ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಅಂಥ ಕೇಂದ್ರಗಳು ತೆರೆದುವು. ೧೯೫೩ರಲ್ಲಿ ಮಲೇರಿಯ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು ಅಮೆರಿಕದ ನೆರವಿನಿಂದ ಬಂದ ಡಿ.ಡಿ.ಟಿ.ಯೊಡನೆ ಮೊದಲಾಯಿತು. ವರ್ಷಕ್ಕೆ ಏಳೂವರೆ ಕೋಟಿಯೆಂದು ಅಂದಾಜು ಮಾಡಿದ್ದ ರೋಗಿಗಳ ಸಂಖ್ಯೆ ೧೯೬೫ರ ಹೊತ್ತಿಗೆ ಒಂದು ಲಕ್ಷಕ್ಕೆ ಇಳಿಯಿತು. ಎಚ್ಚರ ತಪ್ಪಿದಾಗ ೧೯೭೬ರಲ್ಲಿ ಅರುವತ್ತನಾಲ್ಕು ಲಕ್ಷವನ್ನು ದಾಟಿತು. ಸಿಡುಬಿನ ಕೊನೆಯ ಪ್ರಕರಣ ಭಾರತದಲ್ಲಿ ೧೯೭೫ರ ಮೇ ತಿಂಗಳಲ್ಲಿ ಕಂಡಿತು.

ಈ ಎರಡು ಕಾರ್ಯಕ್ರಮಗಳಿಂದ ಎರಡು ಪಾಠಗಳು ದೊರೆತುವು. ಒಂದೇ ರಾಸಾಯನಿಕವನ್ನು ನಂಬಿ ಜನರನ್ನು ಮರೆತರೆ ಗೆಲವು ಉಳಿಯದೆಂಬುದನ್ನು ಮಲೇರಿಯವು ಕಲಿಸಿತು. ಪ್ರತಿಯೊಂದು ಪ್ರಕರಣವನ್ನೂ ಮನೆಮನೆಗೆ ಹೋಗಿ ಹುಡುಕಿ, ಅದನ್ನು ಸುತ್ತುವರಿದು ತಡೆದರೆ ರೋಗವನ್ನೇ ಅಳಿಸಬಹುದೆಂಬುದನ್ನು ಸಿಡುಬು ಕಲಿಸಿತು.

೬. ನಿರ್ಮೂಲನದ ಕಾರ್ಯ

ಸಿಡುಬಿನ ಕಾರ್ಯದಲ್ಲಿ ಪಳಗಿದ್ದ ಡೊನಾಲ್ಡ್ ಹಾಪ್‌ಕಿನ್ಸ್ ಮೊದಲಾದ ಅಮೆರಿಕದ ವೈದ್ಯರು ೧೯೮೦ರಿಂದ ನಾರುಹುಣ್ಣಿನ ನಿರ್ಮೂಲನವನ್ನು ಪ್ರತಿಪಾದಿಸತೊಡಗಿದರು. ಅವರ ಯುಕ್ತಿ ಸರಳವಾದುದು: ೧೯೮೧ರಿಂದ ೧೯೯೦ರವರೆಗಿನ ಹತ್ತು ವರ್ಷಗಳನ್ನು ವಿಶ್ವಸಂಸ್ಥೆಯು ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕವೆಂದು ಸಾರಿದೆ, ನೀರಿನಿಂದಲೇ ಬಂದು ನೀರಿನಿಂದಲೇ ಹೋಗುವ ಈ ರೋಗವು ಆ ದಶಕದ ಒರೆಗಲ್ಲಾಗಲಿ. ರಾಷ್ಟ್ರಮಟ್ಟದ ಕಾರ್ಯಕ್ರಮವನ್ನು ಎಲ್ಲರಿಗಿಂತ ಮೊದಲು ಕೈಕೊಂಡ ದೇಶಗಳಲ್ಲಿ ಭಾರತವು ಅಗ್ರಗಣ್ಯ. ೧೯೮೩-೮೪ರಲ್ಲಿ ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯ ನೇತೃತ್ವದಲ್ಲಿ ಕಾರ್ಯವು ಆರಂಭವಾದಾಗ ಏಳು ರಾಜ್ಯಗಳ ೮೯ ಜಿಲ್ಲೆಗಳಲ್ಲಿ, ೧೨,೮೪೦ ಗ್ರಾಮಗಳಲ್ಲಿ, ಸುಮಾರು ೪೦,೦೦೦ ರೋಗಿಗಳು ದಾಖಲಾದರು. ಆ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಕಾರ್ಯದ ವಿಧಾನವನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡತಕ್ಕುದು. ಆರೋಗ್ಯ ಕಾರ್ಯಕರ್ತರು ರೋಗದ ಚಿತ್ರವನ್ನು ಕೈಯಲ್ಲಿ ಹಿಡಿದು ವರ್ಷಕ್ಕೆ ಹಲವು ಬಾರಿ ಹಳ್ಳಿಹಳ್ಳಿಗೆ ಹೋಗಿ ರೋಗಿಗಳನ್ನು ಹುಡುಕಿದರು. ದೊರೆತ ರೋಗಿಯ ಹುಣ್ಣಿಗೆ ಪಟ್ಟಿ ಕಟ್ಟಿ, ಹುಳು ಪೂರ್ತಿ ಹೊರಬರುವ ತನಕ ನೀರಿಗೆ ಇಳಿಯಬಾರದೆಂದು ತಿಳಿಹೇಳಿದರು. ಶಂಕಿತ ಬಾವಿಗಳಲ್ಲಿ ಟೆಮೆಫಾಸ್ ಎಂಬ ಔಷಧವನ್ನು ಅಳತೆಯಾಗಿ ಹಾಕಿ ಸೈಕ್ಲೋಪ್ಸ್ ಕೀಟವನ್ನು ಕೊಂದರು. ಕುಡಿಯುವ ನೀರನ್ನು ಸಣ್ಣ ಕಣ್ಣಿನ ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಯಲ್ಲಿಯೂ ಕಲಿಸಿದರು. ನಡೆಬಾವಿಯ ಮೆಟ್ಟಿಲುಗಳನ್ನು ಮುಚ್ಚಿ, ಕಟ್ಟೆ ಕಟ್ಟಿ, ಸೇದುಬಾವಿಗಳಾಗಿ ಮಾರ್ಪಡಿಸಿದರು. ಸಾಧ್ಯವಿದ್ದಲ್ಲಿ ಕೈಪಂಪುಗಳನ್ನು ಹಾಕಿದರು.

ಇವುಗಳಲ್ಲಿ ಅತ್ಯಂತ ಅಗ್ಗವಾದುದು ಬಟ್ಟೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುವ ರೂಢಿ ನಮ್ಮ ಹಲವು ಮನೆಗಳಲ್ಲಿ ಹಿಂದಿನಿಂದಲೂ ಇದ್ದಿತು. ಹೊಸದಾಗಿ ಬಂದುದು ಬಟ್ಟೆಯಲ್ಲ. ಏಕೆ ಸೋಸಬೇಕೆಂಬ ಅರಿವು ಮತ್ತು ಒಂದು ಮನೆಯೂ ಬಿಡದೆ ಸೋಸಬೇಕೆಂಬ ನಿಯಮ. ಊರಿನ ನೂರು ಮನೆಗಳಲ್ಲಿ ತೊಂಬತ್ತು ಮನೆಗಳು ಸೋಸಿ ಹತ್ತು ಮನೆಗ‍ಳು ಬಿಟ್ಟರೆ, ಆ ಹತ್ತು ಮನೆಗಳ ರೋಗಿಗಳು ಮರುವರ್ಷ ಅದೇ ಬಾವಿಗೆ ಇಳಿಯುತ್ತಾರೆ. ಚಿಕಿತ್ಸೆಯು ಒಬ್ಬೊಬ್ಬನದಾಗಬಹುದು; ತಡೆಯು ಊರಿನದೇ ಆಗಬೇಕು.

ಕೈಪಂಪಿನ ಕಥೆಯೂ ನಮ್ಮ ಸೀಮೆಗೆ ಸಂಬಂಧಿಸಿದುದು. ಹಳೆಯ ಹೈದರಾಬಾದು ಸಂಸ್ಥಾನದ ಜಾಲ್ನಾ ಮತ್ತು ನಮ್ಮ ನೆರೆಯ ಸೊಲ್ಲಾಪುರಗಳಲ್ಲಿ ರೂಪುಗೊಂಡ ಗಟ್ಟಿಮುಟ್ಟಾದ ಕೈಪಂಪುಗಳನ್ನು ಆಧಾರವಾಗಿಟ್ಟುಕೊಂಡು, ೧೯೭೦ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ‘ಇಂಡಿಯಾ ಮಾರ್ಕ್ ಎರಡು’ ಎಂಬ ಪಂಪು ಸಿದ್ಧವಾಯಿತು. ಕರ್ನಾಟಕದಲ್ಲಿ ಅದನ್ನು ಹಳ್ಳಿಹಳ್ಳಿಗೆ ತಲುಪಿಸಿದ ಕೀರ್ತಿಯು ೧೯೮೩ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತಿ ರಾಜ್ಯ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರಿಗೆ ಸಲ್ಲುತ್ತದೆ. ಕೊಳವೆಬಾವಿಗಳನ್ನು ಕೊರೆಯಿಸಿದ ಅವರನ್ನು ಜನರು ‘ನೀರ್ ಸಾಬ್’ ಎಂದು ಕರೆದರು. ೧೯೮೭ರಲ್ಲಿ ಚುನಾಯಿತವಾದ ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರವನ್ನು ಇಳಿಸಿದವರೂ ಅವರೇ. ನೀರನ್ನು ಮೇಲಕ್ಕೆ ತಂದುದು, ಅಧಿಕಾರವನ್ನು ಕೆಳಕ್ಕೆ ತಂದುದು, ಇವೆರಡೂ ನಾರುಹುಣ್ಣಿನ ಕಾರ್ಯಕ್ರಮದ ವರ್ಷಗಳಲ್ಲಿಯೇ ನಡೆದುದು ನಮ್ಮ ರಾಜ್ಯದ ಭಾಗ್ಯ. ಕೈಪಂಪಿನ ನೀರಿಗೆ ಯಾರ ಪಾದವೂ ತಾಕದು. ಹುಳುವಿನ ದಾರಿ ಅಲ್ಲಿಗೆ ಕಡಿಯಿತು. ಮೇಲಾಗಿ ಕೇರಿಯಲ್ಲಿಯೇ ಪಂಪು ಬಂದೆಡೆ ಊರಬಾವಿಯ ಮೆಟ್ಟಿಲಿಗಾಗಿ ಯಾರನ್ನೂ ಬೇಡಬೇಕಾಗಿರಲಿಲ್ಲ.

ಭಾರತದ ಕೊನೆಯ ರೋಗಿಯು ೧೯೯೬ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. ಮೂರು ವರ್ಷಗಳ ಎಚ್ಚರದ ಹುಡುಕಾಟದ ಬಳಿಕ, ೨೦೦೦ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ಪ್ರಮಾಣೀಕರಿಸಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರರು ೧೯೮೬ರಿಂದ ಈ ಕಾರ್ಯಕ್ಕೆ ಜಗತ್ತಿನ ಬೆಂಬಲವನ್ನು ಕೂಡಿಸಿದರು. ಆ ವರ್ಷ ಜಗತ್ತಿನಲ್ಲಿ ಮೂವತ್ತೈದು ಲಕ್ಷವೆಂದು ಅಂದಾಜಾಗಿದ್ದ ರೋಗಿಗಳ ಸಂಖ್ಯೆಯು ೨೦೨೩ರಲ್ಲಿ ಕೇವಲ ೧೪ಕ್ಕೆ ಇಳಿದಿತ್ತು.

೭. ಉಪಸಂಹಾರ

ಈ ವೃತ್ತಾಂತದಿಂದ ಹೊರಡುವ ನಿರ್ಣಯಗಳು ಯಾವುವು? ಮೊದಲನೆಯದು, ಅರಿವಿಗೂ ಆಚರಣೆಗೂ ನಡುವೆ ಇರುವ ಅಂತರವನ್ನು ಕುರಿತದು. ಚಿತ್ರದುರ್ಗದ ಪ್ರಯೋಗವು ಪ್ರಕಟವಾದುದು ೧೯೩೬ರಲ್ಲಿ. ರಾಷ್ಟ್ರೀಯ ಕಾರ್ಯಕ್ರಮವು ಬಂದುದು ೧೯೮೩ರಲ್ಲಿ. ಈ ನಾಲ್ವತ್ತೇಳು ವರ್ಷಗಳಲ್ಲಿ ವಿಜ್ಞಾನದ ಕೊರತೆಯಿರಲಿಲ್ಲ. ಕೊಲ್ಲದ ರೋಗ, ಚಲಿಸದ ರೋಗ, ಬಡವರ ರೋಗವು ಸರ್ಕಾರಗಳ ಪಟ್ಟಿಯಲ್ಲಿ ಮೇಲಕ್ಕೆ ಏರಲಿಲ್ಲವೆಂಬುದಷ್ಟೇ ಕಾರಣ. ಎರಡನೆಯದು, ಹೊರಗಿನ ನೆರವಿನ ಮಿತಿ. ಅಮೆರಿಕದ ಹಣವೂ ವಿಧಾನವೂ ಉಪಕಾರವನ್ನು ಮಾಡಿದುವು. ಆದರೆ ಸ್ವಂತ ಆಡಳಿತದ ಬಲವಿದ್ದ ಮೈಸೂರಿನಲ್ಲಿ ಅವು ಬೇರೂರಿದಂತೆ ಬೇರೆ ಕಡೆ ಬೇರೂರಲಿಲ್ಲ. ಮೂರನೆಯದು, ಒಂದು ರೋಗದ ನಿವಾರಣೆಯು ಆರೋಗ್ಯದ ಕೊನೆಯಲ್ಲ. ನಡೆಬಾವಿಯ ಸ್ಥಾನಕ್ಕೆ ಬಂದ ಕೊಳವೆಬಾವಿಯ ನೀರಿನಲ್ಲಿ ಕಲ್ಯಾಣ ಕರ್ನಾಟಕದ ಹಲವೆಡೆ ಫ್ಲೋರೈಡ್ ಮಿತಿಮೀರಿರುವುದು ಕಂಡುಬಂದಿದೆ. ಹಳೆಯ ಹುಳುವು ಕಾಲನ್ನು ಕುಂಟಾಗಿಸಿತು. ಹೊಸ ಲವಣವು ಹಲ್ಲು ಮೂಳೆಗಳನ್ನು ಕೆಡಿಸುತ್ತದೆ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ೩೯ ತಾಲ್ಲೂಕುಗಳಲ್ಲಿ ೨೧ ಗುಲಬರ್ಗಾ ವಿಭಾಗದವೇ ಆಗಿದ್ದುವು. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ರೋಗದಿಂದ ದೇಶದ ಮೊದಲ ಮರಣವು ಕಲಬುರಗಿಯಿಂದಲೇ ವರದಿಯಾದುದನ್ನೂ ನಾವು ಮರೆತಿಲ್ಲ. ಚಲಿಸುವ ರೋಗ ಬಂದಾಗ ಎಲ್ಲರ ಕಣ್ಣೂ ಇತ್ತ ತಿರುಗಿತು. ನಿಂತ ನೀರಿನ ರೋಗಕ್ಕೆ ಆ ಕಣ್ಣು ಬೇಗ ತಿರುಗುವುದಿಲ್ಲ.

ಈ ವಿಷಯವನ್ನು ತರಗತಿಯಲ್ಲಿ ಪ್ರಸ್ತಾಪಿಸಿದಾಗ, ನಾರುಹುಣ್ಣು ಎಂಬ ಮಾತನ್ನು ಕೇಳಿದವರು ಕೈಯೆತ್ತಿರೆಂದು ಈ ಲೇಖಕನು ವಿದ್ಯಾರ್ಥಿಗಳನ್ನು ಕೇಳಿದುದುಂಟು. ಒಂದು ಕೈಯೂ ಏಳಲಿಲ್ಲ. ಮೊದಲು ಸಂತೋಷವೇ ಆಯಿತು. ಒಂದು ರೋಗದ ಹೆಸರೇ ಮರೆತುಹೋಗುವುದಕ್ಕಿಂತ ದೊಡ್ಡ ಗೆಲವು ಯಾವುದಿದ್ದೀತು? ಆದರೆ ಮರೆವಿನಲ್ಲಿ ಅಪಾಯವೂ ಇದೆ. ಆಸ್ಪತ್ರೆಗೆ ಶಿಲಾನ್ಯಾಸದ ಕಲ್ಲುಂಟು, ವೈದ್ಯನಿಗೆ ಪ್ರತಿಮೆಯುಂಟು. ಬಾರದೆ ಹೋದ ರೋಗಕ್ಕೆ ಸ್ಮಾರಕವಿಲ್ಲ. ಮೆಟ್ಟಿಲು ಮುಚ್ಚಿದ ಹಳೆಯ ಬಾವಿಯೇ ಅದರ ಸ್ಮಾರಕವೆಂದು ತಿಳಿದು, ತಮ್ಮ ತಮ್ಮ ಊರುಗಳಲ್ಲಿ ಅಂಥ ಬಾವಿಗಳಿರುವ ಸ್ಥಳವನ್ನು ಗುರುತಿಸಿ, ಅವುಗಳ ನೀರು ಕುಡಿದು ಬೆಳೆದ ಹಿರಿಯರ ನೆನಪುಗಳನ್ನು ಅವರಿರುವಾಗಲೇ ಬರೆದಿಡುವುದು ನಮ್ಮ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ. ಶಾಸನಗಳು ಬಾವಿಯನ್ನು ಕಟ್ಟಿಸಿದವರ ಹೆಸರನ್ನು ಉಳಿಸಿವೆ. ನೀರನ್ನು ಹೊತ್ತವರ ಮಾತನ್ನು ಉಳಿಸುವ ಹೊಣೆ ನಮ್ಮದು.